ಹಲಸಿನ ಮರದಡಿಯ ಹಸಿರು ಕಮೋಡು

ಕರಿಯಕ್ಕನ ಮನೆಯ ಅಂಗಳದಲ್ಲಿ, ಹಲಸಿನ ಮರದ ಬುಡದಲ್ಲಿ, ತಿಳಿಹಸಿರು ಬಣ್ಣದ ಕಮೋಡೊಂದು ದೀಪಾವಳಿಯಿಂದ ಕೂತಿತ್ತು. ಈಗ ಶಿವರಾತ್ರಿ ಹತ್ತಿರ ಬಂದಿತ್ತು. ಅದನ್ನು ಸುತ್ತಿ ತಂದಿದ್ದ ರಟ್ಟನ್ನು ಗೆದ್ದಲು ಮೊದಲ ತಿಂಗಳಲ್ಲೇ ತಿಂದು ಮುಗಿಸಿತ್ತು. ಮುಚ್ಚಳ ಬೇರೆ ಚೀಲದಲ್ಲಿ ಅಟ್ಟದ ಮೇಲಿತ್ತು. ಮುಚ್ಚಳವಿಲ್ಲದ ಕಮೋಡಿನೊಳಗೆ ಹಲಸಿನ ಒಣಗಿದೆಲೆ ಬಿದ್ದು ಬಿದ್ದು ಮೆತ್ತಗಾಗಿ, ಮನೆಯ ಬೂದು ಹೇಂಟೆಗೆ ಅದು ಹಿಡಿಸಿಹೋಯಿತು. ಬುಟ್ಟಿಯಲ್ಲಿ ಇಡುತ್ತಿದ್ದ ಮೊಟ್ಟೆಯನ್ನು ಅಲ್ಲೇ ಇಡತೊಡಗಿತು.

"ನಾನು ಕೂತ್ಕಳಕ್ಕೆ ಅಂತ ತಂದಿದ್ದು, ಕೂತಿರದು ಕೋಳಿ" ಎಂದು ಕರಿಯಕ್ಕ ರಸ್ತೆಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಕಮೋಡು ಬಂದದ್ದು ಹರಿಹರಪುರದ ಒಂದು ಹೊಸ ಮನೆಯಿಂದ. ಆ ಮನೆಯೊಡತಿಗೆ ಬಣ್ಣ ಹಿಡಿಸಲಿಲ್ಲ. ಬಿಳಿಯದನ್ನು ತರಿಸಿಕೊಂಡು ಇದನ್ನು ಗಾರೆ ಮೇಸ್ತ್ರಿಗೆ ಕೊಟ್ಟುಬಿಟ್ಟರು. ಮೇಸ್ತ್ರಿ ಎಂದರೆ ಕರಿಯಕ್ಕನ ಮಗ ಸತೀಶ. ಭಂಡಿಗಡಿಯಿಂದ ಕೊಪ್ಪದವರೆಗೆ ಅವನ ಕೈ ಮುಟ್ಟದ ಬಚ್ಚಲುಮನೆ ಕಡಿಮೆ. ಅವನ ಅಪ್ಪ ಚೋಮನೂ ಗಾರೆ ಕೆಲಸದವನೇ. ಕೆಂಪು ಕಾವಿಯ ನೆಲ ಹಾಕುವುದರಲ್ಲಿ ಹೆಸರಾಗಿದ್ದವನು. ಈಗ ಕೈ ನಡುಗುತ್ತದೆಂದು ಕೆಲಸ ಬಿಟ್ಟು, ಜಗಲಿಯಲ್ಲಿ ಕೂತು ಮಗನ ಕೆಲಸಕ್ಕೆ ಮಾತು ಹೇಳುವುದನ್ನು ಇಟ್ಟುಕೊಂಡಿದ್ದ.

ಮನೆ ಚೋಮನ ಅಪ್ಪನ ಕಾಲದ್ದು. ಗುಡ್ಡದ ಓರೆಯನ್ನು ಮೆಟ್ಟಿಲಿನ ಹಾಗೆ ಕಡಿದು ಸಮಮಾಡಿದ ಜಾಗದಲ್ಲಿ ಸಾಲಾಗಿ ಕೋಣೆಗಳು. ಎದುರಿಗೆ ಜಗಲಿ, ಜಗಲಿಗೆ ತಾಗಿ ಒಂದು ಮುಂಗೋಣೆ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು. ಬಚ್ಚಲಿನ ಬೆನ್ನಿಗೇ, ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಮಣ್ಣಿನ ಧರೆ. ಈ ಮನೆಯನ್ನು ಸತೀಶ ನಾಲ್ಕು ವರ್ಷದಿಂದ ಒಂದೊಂದೇ ಕೋಣೆಯಂತೆ ಸರಿಮಾಡುತ್ತಿದ್ದ. ಅದಕ್ಕೆ ಅವನದೇ ಒಂದು ಕ್ರಮವಿತ್ತು. ಮನೆ ಕಟ್ಟಿಸುವವರು ಟೈಲ್ಸನ್ನು ಒಂದೆರಡು ಪೆಟ್ಟಿಗೆ ಹೆಚ್ಚೇ ತರಿಸುತ್ತಾರೆ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. "ನೀನೇ ತಗೊಂಡು ಹೋಗು ಸತೀಶ" ಎನ್ನುತ್ತಾರೆ. ಉಳಿದದ್ದು ಒಂದು ಕೋಣೆಗೆ ಆಗುವಷ್ಟು ಸೇರಿದಾಗ ಆ ಕೋಣೆಯ ಕೆಲಸ. ಹಾಗಾಗಿ ಮನೆಯೊಳಗೆ ಯಾವ ಕೋಣೆಗೂ ಮೊದಲಿನ ಹೆಸರು ಉಳಿದಿರಲಿಲ್ಲ. ನಡುಮನೆಗೆ ಬಾಳಗಡಿಯ ಮೇಷ್ಟ್ರೊಬ್ಬರ ಮನೆಯ ಕಂದು ಟೈಲ್ಸು ಬಿದ್ದದ್ದರಿಂದ ಅದು ಮೇಷ್ಟ್ರ ಕೋಣೆ. ಅಡುಗೆಮನೆಗೆ ಕೊಪ್ಪದ ಹಲ್ಲಿನ ಡಾಕ್ಟರ ಬಚ್ಚಲಿನಲ್ಲಿ ಉಳಿದದ್ದು ಬಂತು. ಅಲ್ಲಿ ಒಲೆಯ ಹಿಂದಿನ ಗೋಡೆಯಲ್ಲಿ ನೀಲಿ ಮೀನುಗಳು ಈಜುತ್ತಿದ್ದವು. ಜಗಲಿಗೆ ಮೂರ್ನಾಲ್ಕು ಮನೆಯ ಚೂರುಪಾರು ಟೈಲ್ಸು. ಎಲ್ಲಕ್ಕಿಂತ ಮೊದಲು ಆದದ್ದು ಮುಂಗೋಣೆ. ಶೃಂಗೇರಿ ದಾರಿಯ ಒಂದು ಹೋಂಸ್ಟೇಯಿಂದ ಬಂದ, ಮುಖ ಕಾಣುವಷ್ಟು ನುಣುಪಾದ, ಹೊಂಬಣ್ಣದ ಗೆರೆಯ ಬಿಳಿ ಟೈಲ್ಸು. ಬಂದವರನ್ನು ಕೂರಿಸಲು ಎಂದು ಸತೀಶ ಅಲ್ಲೊಂದು ಸೋಫಾ ಇಟ್ಟು, ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯದೆ, ಬಾಗಿಲು ಎಳೆದು ಇಟ್ಟಿದ್ದ. ಬಂದವರೆಲ್ಲ ಜಗಲಿಯಲ್ಲೇ ಕೂತು ಎದ್ದು ಹೋಗುತ್ತಿದ್ದರು.

ಒಂದೊಂದು ಕೋಣೆ ಆಗುವಾಗಲೂ ಆ ಕೋಣೆಯ ಸಾಮಾನು ಪಕ್ಕದ ಕೋಣೆಗೆ ಹೋಗಬೇಕು. ಮೇಷ್ಟ್ರ ಕೋಣೆಯ ಕಾಲದಲ್ಲಿ ಕರಿಯಕ್ಕ ಎರಡು ತಿಂಗಳು ಅಕ್ಕಿಯ ಡಬ್ಬದ ಪಕ್ಕ ಮಲಗಿದ್ದಳು. ಡಾಕ್ಟರ ಟೈಲ್ಸು ಬಂದಾಗ ಹನ್ನೊಂದು ಕಡಿಮೆ ಬಿದ್ದು, ಅದೇ ಮೀನಿನ ಟೈಲ್ಸು ಇನ್ನೆಲ್ಲಾದರೂ ಸಿಗುತ್ತದೆಂದು ಕಾದು, ಮೂರು ತಿಂಗಳು ಜಗಲಿಯಲ್ಲಿ ಅಡುಗೆಯಾಯಿತು. ಕೇಳಿದಾಗಲೆಲ್ಲ ಸತೀಶನದು ಒಂದೇ ಮಾತು. "ನೋಡಾಣ ಇರವ್ವ."

ಈ ನಡುವೆ ಕರಿಯಕ್ಕನ ಮಂಡಿ ಹೋಯಿತು. ನಲವತ್ತು ವರ್ಷ ಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡಿ, ಮಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿದ ಮಂಡಿ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಮನೆಯ ಕಕ್ಕಸು ಇದ್ದದ್ದು ಅಂಗಳದ ಅಂಚಿನಲ್ಲಿ, ಒಂಬತ್ತು ಕಲ್ಲಿನ ಮೆಟ್ಟಿಲು ಇಳಿದು. ಅದೂ ಕುಕ್ಕರಗಾಲಲ್ಲಿ ಕೂರುವಂಥದ್ದು. ದಿನಕ್ಕೆ ನಾಲ್ಕು ಬಾರಿ ಅವಳು ಕೋಲು ಹಿಡಿದು ಅಡ್ಡಡ್ಡ ಕಾಲಿಟ್ಟು ಇಳಿದು, ಗೋಡೆಗೆ ಬಡಿದ ಮೊಳೆಗೆ ಕಟ್ಟಿದ ಹಗ್ಗ ಹಿಡಿದು ಕೂತು, ಅದೇ ಹಗ್ಗ ಹಿಡಿದು ಏಳುತ್ತಿದ್ದಳು. ಹೋಗುವುದು ತಪ್ಪಲಿ ಎಂದು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಂಡಿ ಬದಲಿಸುವ ಆಪರೇಷನ್ನಿಗೆ ಮಾರ್ಚ್ ಹದಿನೇಳು ಎಂದು ತಾರೀಕು ಕೊಟ್ಟರು. ತಾರೀಕು ಕೊಟ್ಟ ದಿನ ಜೊತೆಗೆ ಹೋದದ್ದು ಸತೀಶ. ಎಲ್ಲ ಬರೆದುಕೊಂಡ ಮೇಲೆ ನರ್ಸಮ್ಮ ಕೇಳಿದಳು.

"ಮನೇಲಿ ಕಮೋಡ್ ಇದೆಯಾ?"

"ಇದೆ" ಎಂದ ಸತೀಶ.

ಕರಿಯಕ್ಕ ಮಗನ ಮುಖ ನೋಡಿದಳು. ಸುಳ್ಳು ಎನ್ನುವ ಹಾಗೂ ಇರಲಿಲ್ಲ.

"ಎಲ್ರೂ ಇದೆ ಅಂತಾರೆ" ಎಂದಳು ನರ್ಸಮ್ಮ. "ಆಮೇಲೆ ಗುಡ್ಡಕ್ಕೆ ಹೋಗಿ ಬಿದ್ದು, ಹಾಕಿದ ಮಂಡಿ ಮುರ್ಕೊಂಡು ಬರ್ತಾರೆ. ಆಪರೇಷನ್ ಆದ್ಮೇಲೆ ಮೆಟ್ಟಿಲಿಲ್ಲ, ಕುಕ್ಕರಗಾಲಿಲ್ಲ. ಒಂದು ವಾರ ಮೊದಲು ಕಮೋಡಿನ ಫೋಟೋ ಕಳಿಸ್ಬೇಕು. ಇಲ್ಲಾಂದ್ರೆ ತಾರೀಕು ಬೇರೆಯವ್ರಿಗೆ ಕೊಡ್ತೀವಿ. ನಿಮಗೆ ಮತ್ತೆ ಸಿಗೋದು ದಸರಾ ಹೊತ್ತಿಗೆ."

ಬಸ್ಸಿನಲ್ಲಿ ಬರುವಾಗ ಕರಿಯಕ್ಕ ಒಂದೇ ಮಾತು ಕೇಳಿದಳು. "ಆ ಫೋಟದಲ್ಲಿ ಕೋಳಿನೂ ಬರ್ತದನ?"

"ಬರೋ ಭಾನುವಾರ ಕೂರ್ಸದೇ ಸೈ" ಎಂದ ಸತೀಶ.

ಬರುವ ಭಾನುವಾರ ಹರಿಹರಪುರದವರ ಮನೆಗೆ ಅರ್ಜೆಂಟ್ ಹೋಗಬೇಕಾಯಿತು. ಅದರ ಮುಂದಿನ ಭಾನುವಾರ ಒಂದು ಮದುವೆ. ಮೂರನೆಯ ಭಾನುವಾರ ಅವನು ನಿಜವಾಗಿಯೂ ಚೀಲದಿಂದ ಸಾಮಾನು ತೆಗೆದ. ಮಟ್ಟ ನೋಡಲು ನೀರು ತುಂಬಿದ ತೆಳು ಪೈಪಿನ ಒಂದು ತುದಿಯನ್ನು ಬಚ್ಚಲಿನಲ್ಲಿ ತಾನು ಹಿಡಿದು, ಇನ್ನೊಂದು ತುದಿಯನ್ನು ಅಪ್ಪನ ಕೈಗೆ ಕೊಟ್ಟು, ಅಂಗಳದ ಕೆಳಗೆ ಕಕ್ಕಸಿನ ಗುಂಡಿಯ ಹತ್ತಿರ ನಿಲ್ಲಿಸಿದ. ಕರಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಸತೀಶ ಪೈಪಿನ ನೀರು ನೋಡಿದ. ಹಿಂದಿನ ಧರೆ ನೋಡಿದ. ಎಡಗಡೆಯ ಹಾಸುಬಂಡೆ ನೋಡಿದ. ಮನೆಯ ಗೋಡೆಯೇ ಆ ಬಂಡೆಯ ಮೇಲೆ ನಿಂತಿತ್ತು. ಬಲಗಡೆ ನೋಡಿದ. ಅಲ್ಲಿ ಪಕ್ಕದ ಮನೆಯ ಗಣಪತಿಯ ಬಾವಿ. ಆಮೇಲೆ ಅವನ ಕಣ್ಣು ಅಡುಗೆಮನೆಯ ನೆಲದ ಮೇಲೆ ನಿಂತಿತು.

"ಎಂತ ಆತೋ?" ಎಂದಳು ಕರಿಯಕ್ಕ.

ಸತೀಶ ಪೈಪಿನ ತುದಿ ಕೆಳಗಿಟ್ಟ. ಅಂಗಳದಿಂದ ಪೈಪಿನ ತುದಿ ಹಿಡಿದುಕೊಂಡೇ ಬಂದ ಚೋಮ, ಮಗನ ಮುಖ ನೋಡಿ ಎಲ್ಲ ತಿಳಿದವನಂತೆ ಕೂತುಕೊಂಡ. ಅವನ ಹೊಟ್ಟೆ ನಗುವಿನಿಂದ ಕುಣಿಯುತ್ತಿತ್ತು.

"ಕೇಳು ಮಾರಾಯ್ತಿ" ಎಂದ ಹೆಂಡತಿಗೆ. "ಗುಂಡಿ ಇರದು ಮುಂದೆ. ಬಚ್ಚಲು ಇರದು ಹಿಂದೆ. ಸುತ್ತ ಬಳಸಿ ಪೈಪ್ ತರಕ್ಕೆ ಜಾಗ ಇಲ್ಲ. ಅಡುಗೆಮನೆ, ನಡುಮನೆ, ಜಗಲಿ, ಮೂರರ ಅಡಿಯಿಂದನೇ ಬರಬೇಕು. ನಿನ್ನ ಮಗ ಮೂರಕ್ಕೂ ಟೈಲ್ಸ್ ಹಾಕಿ ಮುಗ್ಸಿದಾನೆ."

"ಅಪ್ಪ, ನೀ ಸುಮ್ನಿರು" ಎಂದ ಸತೀಶ.

"ಯಾರ ಮನೆಗೆ ಹೋದ್ರೂ ಮೊದಲು ನೀನು ಕೇಳದು ಎಂತ? ನೀರು ಎತ್ಲಾಗೆ ಹೋಗ್ತದೆ ಅಂತ. ಪೈಪ್ ಹಾಕದೆ ನೆಲ ಮಾಡಿದವ್ರನ್ನ ಅಷ್ಟು ಬೈತೀಯಲ್ಲ. ಮೊನ್ನೆ ಆ ಬಾಳಗಡಿಯವ್ರಿಗೆ ಎಂತ ಅಂದಿ?"

"ಅದು ಬೇರೆ."

"ಹೌದು ಬೇರೆ. ಅವ್ರು ಗಾರೆ ಕೆಲಸದವ್ರಲ್ಲ."

ಬಲಗಡೆಯ ಚರಂಡಿಯಲ್ಲಿ ಮೀಯುವ ನೀರು ಹೋಗುತ್ತಿತ್ತು. ಅದರಲ್ಲೇ ದೊಡ್ಡ ಪೈಪ್ ಕೂರಿಸಿದರೆ ಹೇಗೆಂದು ಸತೀಶ ಗಣಪತಿಯನ್ನು ಕೇಳಿ ಬಂದ. ಗಣಪತಿ ಬೇಲಿಯ ಆಚೆಯಿಂದಲೇ ಕರಿಯಕ್ಕನಿಗೆ ಹೇಳಿದ. "ಕರಿಯಕ್ಕ, ನಂಗೇನೂ ಇಲ್ಲ. ಆದ್ರೆ ಆ ಬಾವಿ ನೀರು ನೀವೂ ಕುಡೀತೀರಿ." ಅಲ್ಲಿಗೆ ಆ ಮಾತು ಮುಗಿಯಿತು.

"ಹಂಗಾರೆ ಒಡಿ" ಎಂದಳು ಕರಿಯಕ್ಕ.

ಸತೀಶ ತಲೆಯ ಮೇಲೆ ಕೈಯಿಟ್ಟುಕೊಂಡ. "ಮೂರು ಕೋಣೆ ಒಡೆಯದಾ? ಡಾಕ್ಟ್ರ ಟೈಲ್ಸ್ ಹನ್ನೊಂದು ಸಿಗಕ್ಕೆ ಮೂರು ತಿಂಗಳು ಬೇಕಾತು. ಮೇಷ್ಟ್ರದ್ದು ಕಂಪನಿಯೇ ಬಿಟ್ಟಿದೆ ಅವ್ವ, ಈಗ ಬರದೇ ಇಲ್ಲ. ಒಡೆದ ಮೇಲೆ ಎಂತದು ಹಾಕದು?"

"ಎಂತದಾದ್ರೂ ಹಾಕು. ಮಣ್ಣು ಹಾಕು. ನಂಗೆ ಹೋಗಕ್ಕೆ ಜಾಗ ಬೇಕು."

"ನೋಡಾಣ ಇರವ್ವ. ಇನ್ನೂ ಹದಿನೈದು ದಿನ ಇದೆಯಲ್ಲ."

ಅದೇ ವಾರ ಬೂದು ಹೇಂಟೆ ಕಮೋಡಿನೊಳಗೆ ಒಂಬತ್ತು ಮೊಟ್ಟೆಯ ಮೇಲೆ ಕಾವಿಗೆ ಕೂತಿತು. ಸತೀಶನಿಗೆ ಅದೊಂದು ನೆಪ ಸಿಕ್ಕಿತು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬಾರದೆಂದು ಸಣ್ಣವನಿದ್ದಾಗ ಅವನಿಗೆ ಹೇಳಿ, ಹೊಡೆದು ಕಲಿಸಿದವಳು ಕರಿಯಕ್ಕನೇ. ಈಗ ಅವನು ಬೆಳಿಗ್ಗೆ ಬೈಕು ಹತ್ತುವಾಗ ಮರದ ಕಡೆ ಕೈ ತೋರಿಸಿ, "ಮರಿ ಆಗ್ಲಿ, ಆಮೇಲೆ ತೆಗೆಯಣ" ಎನ್ನುತ್ತಿದ್ದ. ಕರಿಯಕ್ಕ ಜಗಲಿಯಲ್ಲಿ ಕೂತು ಕೋಳಿಯನ್ನು ನೋಡುತ್ತಿದ್ದಳು. ಕೋಳಿ ಅಂಚಿನ ಮೇಲೆ ತಲೆಯಿಟ್ಟು ಅವಳನ್ನು ನೋಡುತ್ತಿತ್ತು.

ಮಾರ್ಚ್ ಒಂಬತ್ತು ಕಳೆಯಿತು. ಹತ್ತನೆಯ ತಾರೀಕು ಸಂಜೆ ಸತೀಶನ ಹೆಂಡತಿ ಶಾಲಿನಿ ಬಾಳಗಡಿಯ ಟೈಲರಿಂಗ್ ಅಂಗಡಿಯಿಂದ ಬಂದು, ಚಪ್ಪಲಿ ಬಿಡುತ್ತಲೇ ಹೇಳಿದಳು. "ಅತ್ತೆ, ಆಸ್ಪತ್ರೆಯವ್ರು ಮೆಸೇಜ್ ಹಾಕಿದಾರೆ. ಫೋಟೋ ಬಂತು, ಸರಿ ಇದೆ, ಹದಿನೇಳಕ್ಕೆ ಬನ್ನಿ ಅಂತ."

"ಎಂತ ಫೋಟ?"

"ಕಮೋಡಿಂದು. ಇವ್ರು ನಿನ್ನೆ ನನ್ನ ಫೋನಿಂದ ಕಳ್ಸಿದ್ರಲ್ಲ. ನಾನು ನೋಡಿರ್ಲಿಲ್ಲ."

ಶಾಲಿನಿ ಫೋನನ್ನು ಅತ್ತೆಯ ಮುಖದ ಹತ್ತಿರ ಹಿಡಿದಳು. ಬಿಳಿಯ ಕಮೋಡು. ಅದರ ಪಕ್ಕದಲ್ಲಿ ಹೊಳೆಯುವ ನಲ್ಲಿ. ಗೋಡೆಯಲ್ಲಿ ಹೂವಿನ ಟೈಲ್ಸು. ಮೂಲೆಯಲ್ಲಿ ಒಂದು ಹೂಕುಂಡ ಬೇರೆ. ಕರಿಯಕ್ಕ ಬಹಳ ಹೊತ್ತು ನೋಡಿದಳು.

"ಇದು ಯಾರ ಮನೆ?"

ಶಾಲಿನಿ ಫೋನನ್ನು ತಿರುಗಿಸಿಕೊಂಡು ನೋಡಿದಳು. "ಹರಿಹರಪುರದವ್ರದ್ದು" ಎಂದು ಮೆಲ್ಲಗೆ ಹೇಳಿದಳು. "ಆ ಹೂಕುಂಡ ನಾನು ಗೃಹಪ್ರವೇಶದಲ್ಲಿ ನೋಡಿದೀನಿ."

ಸತೀಶ ಮನೆಗೆ ಬಂದಾಗ ಕರಿಯಕ್ಕ ಬೈಯಲಿಲ್ಲ. ಊಟಕ್ಕೆ ಕೂತ ಮೇಲೆ ಕೇಳಿದಳು.

"ಆಪರೇಷನ್ ಮಾಡ್ಸಿಕೊಂಡು ನಾನು ಎಲ್ಲಿಗೆ ಹೋಗದು? ಹರಿಹರಪುರಕ್ಕೆ ಬಸ್ಸು ಎಷ್ಟು ಗಂಟೆಗೆ?"

ಸತೀಶ ತಟ್ಟೆ ನೋಡುತ್ತ ಕೂತ. "ತಾರೀಕು ತಪ್ಪಿದ್ರೆ ದಸರಾ ತನಕ ಇಲ್ಲ ಅಂದ್ರಲ್ಲವ್ವ. ಮೊದಲು ತಾರೀಕು ಉಳೀಲಿ ಅಂತ ಕಳ್ಸಿದೆ. ನೀನು ಆಸ್ಪತ್ರೇಲಿ ಇರೋ ಒಂದು ವಾರದಲ್ಲಿ ಎಂತಾದ್ರೂ ಮಾಡ್ತೀನಿ."

"ನಾಲ್ಕು ವರ್ಷದಲ್ಲಿ ಮಾಡದ್ದು ಒಂದು ವಾರದಲ್ಲಿ."

"ನೋಡಾಣ ಅಂದ್ನಲ್ಲ."

ಚೋಮ ಕೂಡ ಆ ಹೊತ್ತು ನಗಲಿಲ್ಲ.

ಮರುದಿನ ಬೆಳಿಗ್ಗೆ ಕರಿಯಕ್ಕ ಎಂದಿನಂತೆ ಕೋಲು ಹಿಡಿದು ಮೆಟ್ಟಿಲು ಇಳಿದಳು. ನಾಲ್ಕನೆಯ ಮೆಟ್ಟಿಲಲ್ಲಿ ಮಂಡಿ ಕಚ್ಚಿಕೊಂಡು ನಿಂತುಹೋಯಿತು. ದಿನವೂ ಅಲ್ಲೇ ಅದು ನಿಲ್ಲುವುದು. ಸುಧಾರಿಸಿಕೊಳ್ಳಲು ದಿನವೂ ಅವಳು ಹಿಡಿಯುವುದು ಮೆಟ್ಟಿಲಿಗೆ ತಾಗಿದ ಮುಂಗೋಣೆಯ ತಳಪಾಯದ ಕಲ್ಲನ್ನೇ. ಮೇಲೆ ಆ ಕೋಣೆಯ ಕಿಟಕಿ. ಕೆಳಗೆ, ಕೋಲಿನಿಂದ ಮುಟ್ಟುವಷ್ಟು ದೂರದಲ್ಲಿ, ಗುಂಡಿಯ ಮುಚ್ಚಿಗೆ ಕಲ್ಲು. ಅವಳು ಕಿಟಕಿ ನೋಡಿದಳು. ಗುಂಡಿ ನೋಡಿದಳು. ಇಷ್ಟು ದಿನ ದಿನಕ್ಕೆ ನಾಲ್ಕು ಸಲ ಇಲ್ಲಿ ನಿಂತೂ ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು. ಕೆಳಗಿನ ಕೆಲಸ ಮುಗಿಸಿ, ಮೇಲೆ ಬಂದು, ಕಟ್ಟಿಗೆಯ ಹತ್ತಿರ ಬಿದ್ದಿದ್ದ ಒಂದು ಇಟ್ಟಿಗೆ ಚೂರು ಕೈಗೆ ತೆಗೆದುಕೊಂಡಳು.

ಸತೀಶ ಚಹಾ ಕುಡಿದು ಹೊರಟಾಗ ಮುಂಗೋಣೆಯ ಬಾಗಿಲು ತೆರೆದಿತ್ತು. ಒಳಗೆ ಸೋಫಾ ಗೋಡೆಗೆ ಒತ್ತಿಕೊಂಡಿತ್ತು. ಅವನ ಅಪ್ಪ ಅಮ್ಮ ಇಬ್ಬರೂ ಸೇರಿ ತಳ್ಳಿರಬೇಕು. ಕರಿಯಕ್ಕ ಸೋಫಾದ ಪ್ಲಾಸ್ಟಿಕ್ಕಿನ ಮೇಲೆ ಕೂತು, ಬಗ್ಗಿ, ಕಿಟಕಿಯ ಕೆಳಗಿನ ಮೂಲೆಯಲ್ಲಿ ಇಟ್ಟಿಗೆ ಚೂರಿನಿಂದ ಕೋಲುದ್ದದ ಒಂದು ಚೌಕ ಎಳೆದಿದ್ದಳು. ಹೊಳೆಯುವ ಬಿಳಿ ಟೈಲ್ಸಿನ ಮೇಲೆ ಆ ಕೆಂಪು ಗೆರೆ ಎದ್ದು ಕಾಣುತ್ತಿತ್ತು. ಚೋಮ ಮಗನ ಚೀಲದಿಂದ ಸುತ್ತಿಗೆ ಉಳಿ ತೆಗೆದು ಚೌಕದ ಪಕ್ಕ ಕೂತಿದ್ದ.

"ಇದು ಎಂತ ಅವ್ವ?"

"ನನ್ನ ಕಮೋಡು. ಇಲ್ಲಿ."

"ಇಲ್ಲಿ ಎಂತಕ್ಕೆ? ಇದು ಬಂದವ್ರು ಕೂರೋ ಕೋಣೆ."

"ನಾಲ್ಕು ವರ್ಷದಲ್ಲಿ ಯಾರು ಕೂತಿದಾರೆ ಹೇಳು. ಸೊಸೈಟಿ ಸೆಕ್ರೆಟರಿ ಬಂದಾಗ ಅವ್ರನ್ನೂ ಜಗಲೀಲೇ ಕೂರ್ಸಿದಿ, ನೆಲ ಕೊಳೆ ಆಗ್ತದೆ ಅಂತ."

"ಮನೆ ಎದುರಿಗೇ ಕಕ್ಕಸು ಮಾಡದಾ? ನೋಡ್ದವ್ರು ಎಂತ ಅಂತಾರೆ? ನಾನು ಮೇಸ್ತ್ರಿ ಮಾರಾಯ್ತಿ, ಊರಿಗೆಲ್ಲ ಮಾಡಿಕೊಡೋನು."

"ನೋಡ್ದವ್ರು ಮನೆ ಎದುರಿಗೆ ಮರದಡಿ ಇರದನ್ನ ನಾಲ್ಕು ತಿಂಗಳಿಂದ ನೋಡ್ತಾನೇ ಇದಾರೆ" ಎಂದಳು ಕರಿಯಕ್ಕ. "ಗುಂಡಿ ಇದರ ಅಡಿಗೇ ಇದೆ. ಒಂದು ಗೋಡೆ ತೂತು ಮಾಡಿದ್ರೆ ಸಾಕು. ಮೂರು ಕೋಣೆ ಉಳೀತದೆ. ಮಧ್ಯ ಒಂದು ಅಡ್ಡಗೋಡೆ ಎಬ್ಸು. ಈಚೆ ನನ್ನ ಮಂಚ ಹಾಕು. ಮಂಚದಿಂದ ನಾಲ್ಕು ಹೆಜ್ಜೆ."

ಸತೀಶ ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದ. ಇಳಿಜಾರು ಸರಿಯಾಗಿತ್ತು. ಸರಿಯಾಗಿದೆ ಎಂದು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

"ಹೋಂಸ್ಟೇ ಟೈಲ್ಸ್ ಇದು. ಇಂಥದ್ದು ಇಡೀ ತಾಲೂಕಲ್ಲಿ ಇಲ್ಲ. ಬೇರೆ ಎಂತಾದ್ರೂ ದಾರಿ..."

"ಇವ್ರೆ" ಎಂದಳು ಕರಿಯಕ್ಕ, ಗಂಡನ ಕಡೆ ತಿರುಗಿ. "ನೀವು ಶುರು ಮಾಡಿ."

ಚೋಮ ಉಳಿಯನ್ನು ಕೆಂಪು ಗೆರೆಯ ಮೇಲಿಟ್ಟ. ಅವನ ಕೈ ನಡುಗುತ್ತಿತ್ತು. ಉಳಿ ಗೆರೆಯಿಂದ ಆಚೆ ಈಚೆ ಜಾರಿತು. ಸುತ್ತಿಗೆ ಎತ್ತಿ ಹೊಡೆದ. ಏಟು ಬಿದ್ದದ್ದು ಚೌಕದ ಹೊರಗೆ. ಟೈಲ್ಸಿನ ಮೇಲೆ ಸಣ್ಣ ನಕ್ಷತ್ರದಂತೆ ಬಿರುಕು ಮೂಡಿತು.

"ಅಪ್ಪ, ಗೆರೆ ಒಳಗೆ" ಎಂದ ಸತೀಶ.

ಚೋಮ ಮತ್ತೊಮ್ಮೆ ಹೊಡೆದ. ಬಿರುಕು ಪಕ್ಕದ ಟೈಲ್ಸಿಗೆ ಹೋಯಿತು.

"ಹಂಗಲ್ಲ ಅಪ್ಪ. ಮೊದಲು ಸಂದು ಬಿಡಿಸ್ಬೇಕು. ಹಿಂಗೆ ಹೊಡೆದ್ರೆ ಬೇಡದ್ದೆಲ್ಲ ಹೋಗ್ತದೆ."

"ಹೋಗ್ಲಿ ಬಿಡು" ಎಂದಳು ಕರಿಯಕ್ಕ. "ನೀ ಕೆಲಸಕ್ಕೆ ಹೋಗು, ಹರಿಹರಪುರದವ್ರು ಕಾಯ್ತಾರೆ. ನಾವು ಇಬ್ರೂ ನಿಧಾನಕ್ಕೆ ಮಾಡ್ತೀವಿ. ನಿಮ್ಮಪ್ಪಂಗೆ ಕೈ ಸೋತ್ರೆ ನಾನು ಹೊಡೀತೀನಿ."

ಚೋಮ ಮೂರನೆಯ ಏಟಿಗೆ ಸುತ್ತಿಗೆ ಎತ್ತಿದ. ಸತೀಶ ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಏಟು ಬೀಳುವ ಮೊದಲೇ ವಾಪಸು ಬಂದು, ಅಪ್ಪನ ಕೈಯಿಂದ ಸುತ್ತಿಗೆ ಕಿತ್ತುಕೊಂಡ. "ನಿಮ್ಮಿಬ್ರ ಕೈಲಿ ಕೊಟ್ರೆ ಗೋಡೆನೂ ಇರಲ್ಲ" ಎನ್ನುತ್ತ ಚೀಲದಿಂದ ಕಟಿಂಗ್ ಮಷಿನ್ ತೆಗೆದು, ವಯರು ಚುಚ್ಚಿದ. ತಾಯಿ ಎಳೆದ ಚೌಕವನ್ನು ಒರೆಸಿ, ಟೇಪು ಹಿಡಿದು, ಪೆನ್ಸಿಲಿನಿಂದ ಬೇರೆ ಚೌಕ ಎಳೆದ. ಅದು ಅವಳದಕ್ಕಿಂತ ಅರ್ಧ ಗೇಣು ದೊಡ್ಡದಿತ್ತು. ಹರಿಹರಪುರದವರು ಎರಡು ಸಲ ಫೋನು ಮಾಡಿದರು. ಅವನು ಎತ್ತಲಿಲ್ಲ.

ಟೈಲ್ಸು ಎದ್ದಲ್ಲಿ ಕೆಳಗೆ ಚೋಮ ಹಾಕಿದ ಕೆಂಪು ನೆಲ ಹಾಗೇ ಇತ್ತು. ಚೋಮ ಅದರ ಮೇಲೆ ಕೈಯಾಡಿಸಿ, "ಒಂದು ಬಿರುಕಿಲ್ಲ ನೋಡಿ" ಎಂದ. ಯಾರೂ ನೋಡಲಿಲ್ಲ.

ಆ ಸಂಜೆ ಸತೀಶ ಮೈಯೆಲ್ಲ ಬಿಳಿ ಧೂಳಾಗಿ ಅಂಗಳಕ್ಕೆ ಬಂದು, ಮರದ ಬುಡ ನೋಡಿ ಹೇಳಿದ. "ಕೋಳಿಗೆ ಇನ್ನೂ ಹತ್ತು ದಿನ ಇದೆಯಲ್ಲ ಅವ್ವ."

ಕರಿಯಕ್ಕ ಕತ್ತಲು ಕವಿಯುವ ಹೊತ್ತಿಗೆ, ಕೋಳಿಗೆ ಕಣ್ಣು ಮಂಜಾಗುವ ಸಮಯಕ್ಕೆ, ಒಂದು ಬುಟ್ಟಿಗೆ ಹುಲ್ಲು ಹಾಸಿ ತಂದಳು. ಶಾಲಿನಿ ಕೋಳಿಯ ಮೇಲೆ ಹಳೇ ಸೀರೆಯ ತುಂಡು ಹೊದಿಸಿ ಎತ್ತಿಕೊಂಡಳು. ಕರಿಯಕ್ಕ ಒಂಬತ್ತೂ ಮೊಟ್ಟೆಯನ್ನು ಒಂದೊಂದಾಗಿ ಬುಟ್ಟಿಗೆ ಇಟ್ಟು, ಮೇಲೆ ಕೋಳಿಯನ್ನು ಕೂರಿಸಿ, ಬುಟ್ಟಿಯನ್ನು ಜಗಲಿಯ ಮೂಲೆಗೆ ಸರಿಸಿದಳು. ಕೋಳಿ ಒಂದು ಸಲ ಕೊಕ್ಕೆಂದು ಸುಮ್ಮನಾಯಿತು.

"ಇಷ್ಟೇನ?" ಎಂದ ಸತೀಶ.

"ಇಷ್ಟೇ."

ಹದಿನೈದರ ಸಂಜೆ ಅಡ್ಡಗೋಡೆ ಎದ್ದಿತ್ತು. ಬಾಗಿಲು ಹಳೇ ಅಡುಗೆಮನೆಯದು, ಕೆಳಗೆ ಕೊಯ್ದು ಕೂರಿಸಿದ್ದು. ಒಳಗೆ ಹೊಂಬಣ್ಣದ ಗೆರೆಯ ನೆಲದ ಮೇಲೆ ಹಸಿರು ಕಮೋಡು, ಅಟ್ಟದಿಂದ ಇಳಿದ ಮುಚ್ಚಳದ ಸಮೇತ. ಗೋಡೆಗೆ ಸಾಲದೆ ಬಂದಲ್ಲಿ, ಆ ಹನ್ನೊಂದಕ್ಕಾಗಿ ತಂದ ಪೆಟ್ಟಿಗೆಯಲ್ಲಿ ಉಳಿದಿದ್ದ ಡಾಕ್ಟರ ಮೀನುಗಳು ಎರಡು ಸಾಲು. ಕೈ ಹಿಡಿಯಲು ಸತೀಶ ಕಬ್ಬಿಣದ ಪೈಪೊಂದನ್ನು, ಕರಿಯಕ್ಕನ ಮೊಳಕೈ ಅಳೆದು, ಗೋಡೆಗೆ ಬಿಗಿದಿದ್ದ. ಶಾಲಿನಿ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿದಳು. ಕಳಿಸಲೇಬೇಕೆಂದು ಹೇಳಿದವಳು ಕರಿಯಕ್ಕ. ಸ್ವಲ್ಪ ಹೊತ್ತಿಗೆ ನರ್ಸಮ್ಮನ ಉತ್ತರ ಬಂತು.

"ಮೊದಲಿಂದು ಬಿಳಿ ಇತ್ತಲ್ಲ ಅಂತ ಕೇಳ್ತಿದಾರೆ ಅತ್ತೆ. ಎಂತ ಹೇಳದು?"

"ಅದು ಕೆಲಸಕ್ಕೆ ಹೋದಲ್ಲಿಂದು, ಇದು ಮನೇದು ಅಂತ ಹೇಳು."

ಸತೀಶ ಗಾರೆ ಹಚ್ಚುವ ಕರಣೆ ತೊಳೆಯುತ್ತ ಕೂತಿದ್ದವನು ತಲೆ ಎತ್ತಲಿಲ್ಲ.

ಕರಿಯಕ್ಕ ಕೋಲು ಊರಿಕೊಂಡು ಮಂಚದಿಂದ ಎದ್ದಳು. ನಾಲ್ಕು ಹೆಜ್ಜೆ ಎಂದದ್ದು ಅವಳ ಹೆಜ್ಜೆಯಲ್ಲಿ ಆರಾಯಿತು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಚಿಲಕ ಬಿಗಿ ಇತ್ತು, ಎರಡು ಸಲ ಎಳೆಯಬೇಕಾಯಿತು. ಅಂಗಳದಲ್ಲಿ ನೆರಳು ಉದ್ದವಾಯಿತು. ಚೋಮ ಎಲೆಯಡಿಕೆ ಹಾಕಿಕೊಂಡು, ಉಗಿದು, ಮತ್ತೊಮ್ಮೆ ಹಾಕಿಕೊಂಡ. ಸತೀಶ ಕರಣೆ ತೊಳೆದು, ಬಟ್ಟೆಯಲ್ಲಿ ಒರೆಸಿ, ಚೀಲಕ್ಕೆ ಹಾಕಿ, ಅಡ್ಡಗೋಡೆಯ ಹತ್ತಿರ ಬಂದು ನಿಂತ. ಯಜಮಾನರ ಮನೆಯಲ್ಲಿ ಕೆಲಸ ಒಪ್ಪಿಸುವಾಗ ನಿಲ್ಲುವ ಹಾಗೆ ಕೈಕಟ್ಟಿ ನಿಂತ.

"ಎತ್ತರ ಸರಿ ಇದಿಯನವ್ವ?"

ಒಳಗಿಂದ ಮಾತಿಲ್ಲ.

"ಅಲ್ಲಾಡ್ತದನ? ಅಲ್ಲಾಡಿದ್ರೆ ಈಗ್ಲೇ ಹೇಳು, ನಾಳೆ ಸಿಮೆಂಟು ಗಟ್ಟಿಯಾಗ್ತದೆ."

ಸತೀಶ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದ.

"ಅವ್ವ, ಸರಿ ಇದ್ಯೋ ಇಲ್ವೋ?"

"ನೋಡಾಣ ಇರು" ಎಂದಳು ಕರಿಯಕ್ಕ ಒಳಗಿಂದ, ಏನೂ ಅವಸರವಿಲ್ಲದೆ.